ಬೆನ್ನ ಹಿಂದಿನ ಆಟ

ಪ್ರತಿ ಭಾನುವಾರ ಮಗಳ ಮನೆಗೆ ಹೋಗುವಾಗ ನಾನು ಬೇಕೆಂದೇ ದಾರಿ ತಪ್ಪುತ್ತೇನೆ. ಮಗಳು ಮೇಘನಾ ಇರುವುದು ಅಮೆರಿಕದ ಡಬ್ಲಿನ್‌ನಲ್ಲಿ. ನಾವು ಗಂಡ ಹೆಂಡತಿ ಸನ್ನಿವೇಲ್‌ನಲ್ಲಿ. ನನ್ನ ಹೆಂಡತಿ ಶಕುಂತಲ ಬೆಳಿಗ್ಗೆ ನನ್ನನ್ನು ಮಿಲ್ಪಿಟಾಸ್ ಸ್ಟೇಷನ್ನಿನಲ್ಲಿ ಇಳಿಸಿ, ದೇವಸ್ಥಾನದ ಅಡುಗೆಮನೆಯಲ್ಲಿ ಪ್ರಸಾದದ ಕೆಲಸ ಮುಗಿಸಿಕೊಂಡು, ಮಧ್ಯಾಹ್ನ ಕಾರಿನಲ್ಲಿ ಬಂದು ಸೇರಿಕೊಳ್ಳುತ್ತಾಳೆ. ನಾನು ಬೇ ಫೇರ್ ಎಂಬಲ್ಲಿ ಇಳಿದು ಡಬ್ಲಿನ್ ಕಡೆಯ ಟ್ರೇನು ಹಿಡಿಯಬೇಕು. ಇಳಿಯುವುದಿಲ್ಲ. ಅಲ್ಲಿಂದ ಇನ್ನೆರಡು ಸ್ಟೇಷನ್ ಮುಂದಕ್ಕೆ ಹೋಗಿ, ಓಕ್ಲೆಂಡಿನ ಹಳೆಯ ಸ್ಟೇಡಿಯಂ ಇರುವ ಸ್ಟೇಷನ್ನಿನಲ್ಲಿ ಇಳಿದು, ಪ್ಲಾಟ್‌ಫಾರ್ಮಿನ ತುದಿಗೆ ನಡೆದು ನಿಲ್ಲುತ್ತೇನೆ. ಸ್ವಲ್ಪ ಹೊತ್ತು. ಆಮೇಲೆ ಎದುರಿನ ಟ್ರೇನು ಹತ್ತಿ ಬಂದ ದಾರಿಯಲ್ಲೇ ಹಿಂದಕ್ಕೆ. ಶಕುಂತಲಳಿಗೆ ಇದು ಗೊತ್ತು. ಕೇಳುವುದಿಲ್ಲ.

ಕಳೆದ ವಾರ ಹಾಗೆ ನಿಂತಿದ್ದಾಗ ಪಕ್ಕದ ಬೆಂಚಿನಲ್ಲಿ ಒಬ್ಬಳು ತಾಯಿ ಮಗುವಿಗೆ ಶೇಂಗಾ ಸುಲಿದು ಕೊಡುತ್ತಿದ್ದಳು. ಉಪ್ಪುನೀರಿನಲ್ಲಿ ನೆನೆಸಿ ಸಿಪ್ಪೆ ಸಮೇತ ಹುರಿದ ಶೇಂಗಾ. ಆ ವಾಸನೆ ಮೂಗಿಗೆ ಬಿದ್ದದ್ದೇ ನನ್ನ ಬಲಗೈ ತಾನಾಗಿಯೇ ಹೆಗಲಿಗೆ ಹೋಯಿತು, ಜಾರಿದ ಪಟ್ಟಿ ಸರಿಮಾಡಿಕೊಳ್ಳಲು. ಹೆಗಲಿನಲ್ಲಿ ಪಟ್ಟಿ ಇರಲಿಲ್ಲ. ಅದಕ್ಕೆ ತೂಗುವ ಶೇಂಗಾ ಟ್ರೇಯೂ ಇರಲಿಲ್ಲ. ಎದುರಿಗೆ ಬೀಗ ಬಿದ್ದ ಸ್ಟೇಡಿಯಂ ಮಾತ್ರ ಇತ್ತು. ಬೂದು ಕಾಂಕ್ರೀಟಿನ ದೊಡ್ಡ ಬೋಗುಣಿ, ಯಾರೋ ಉಂಡು ತೊಳೆಯದೆ ಬಿಟ್ಟು ಹೋದ ಹಾಗೆ.

ಆ ಬೋಗುಣಿಯೊಳಗೆ ನಾನು ಇಪ್ಪತ್ತೇಳು ವರ್ಷ ಶೇಂಗಾ ಮಾರಿದ್ದೇನೆ.

ನನ್ನ ಊರು ಚಳ್ಳಕೆರೆ. ಅಪ್ಪ ತೀರಿಕೊಂಡ ವರ್ಷ ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಶೇಂಗಾ ಎಣ್ಣೆ ಮಿಲ್ಲಿಗೆ ಸೇರಿದೆ. ಅಲ್ಲಿ ಕಾಯಿ ಒಡೆಯುವ ಮಷೀನಿನ ಮುಂದೆ ನಿಂತು ಬೆಳೆದೆ. ಅಕ್ಕ ಮದುವೆಯಾಗಿ ಅಮೆರಿಕಕ್ಕೆ ಬಂದವಳು ನನಗೂ ವೀಸಾದ ಪೇಪರು ಹಾಕಿಸಿದಳು. ಅದು ಕೈಗೆ ಬರುವಷ್ಟರಲ್ಲಿ ನನಗೆ ಮೂವತ್ತು ದಾಟಿತ್ತು. ಬಂದ ಮೇಲೆ ಭಾವನ ಮನೆಯಲ್ಲಿ ಎರಡೇ ತಿಂಗಳು ಇದ್ದದ್ದು. ಅನ್ನಕ್ಕೆ ಕೊರತೆ ಇರಲಿಲ್ಲ. ಆದರೆ ಇನ್ನೊಬ್ಬರ ಸೋಫಾದ ಮೇಲೆ ಮಲಗಿ ಎದ್ದರೆ ನನಗೆ ಬೆನ್ನು ನೆಟ್ಟಗಾಗುವುದಿಲ್ಲ. ಬೆಳಿಗ್ಗೆ ಏರ್‌ಪೋರ್ಟಿನ ಹತ್ತಿರ ವಿಮಾನದ ಊಟ ಕಟ್ಟುವ ಕೆಲಸ ಹಿಡಿದೆ, ಸಂಜೆಗೆ ಸ್ಟೇಡಿಯಂ. ಒಂದು ಸಲ ಸತ್ಯನಾರಾಯಣ ಪೂಜೆಯಲ್ಲಿ ಯಾರೋ ನಾನು ಏನು ಮಾಡುತ್ತೇನೆಂದು ಕೇಳಿದಾಗ, ಭಾವ ನನಗಿಂತ ಮುಂಚೆ ಬಾಯಿ ಹಾಕಿ, ಇವನು ಹಾಸ್ಪಿಟಾಲಿಟಿ ಲೈನಿನಲ್ಲಿದ್ದಾನೆ ಎಂದರು. ನಾನು ತಿದ್ದಿದೆ. ಸ್ಟೇಡಿಯಂನಲ್ಲಿ ಶೇಂಗಾ ಮಾರ್ತೀನಿ, ಒಳ್ಳೆ ಶೇಂಗಾ, ಬನ್ನಿ ಒಂದಿನ ಎಂದೆ. ಭಾವ ಆ ದಿನ ನನ್ನ ಜೊತೆ ಪಾಯಸ ಕುಡಿಯಲಿಲ್ಲ.

ಸ್ಟೇಡಿಯಂನವರು ಮೊದಲು ಕೊಟ್ಟ ಬ್ಯಾಡ್ಜಿನಲ್ಲಿ ‘ಟಿಪ್’ ಎಂದು ಬರೆದಿತ್ತು. ತಿಪ್ಪೇಸ್ವಾಮಿ ಎಂಬ ಹೆಸರು ಅವರ ಬಾಯಿಗೆ ಹಿಡಿಸಿದ್ದು ಅಷ್ಟೇ. ಜನ ಅದನ್ನು ಓದಿ, ಇವನು ಮೇಲೆ ಕಾಸು ಕೇಳುತ್ತಿದ್ದಾನೆ ಎಂದುಕೊಂಡು ಒಂದೆರಡು ಡಾಲರು ಜಾಸ್ತಿ ಚಾಚುತ್ತಿದ್ದರು. ಮೂರನೇ ದಿನ ಬ್ಯಾಡ್ಜು ವಾಪಸು ಕೊಟ್ಟು ಪೂರ್ತಿ ಹೆಸರು ಹಾಕಿಸಿಕೊಂಡೆ. ಓದಲು ಯಾರಿಗೂ ಬರುತ್ತಿರಲಿಲ್ಲ. ಪರವಾಗಿಲ್ಲ, ಹೆಸರು ನನ್ನದು ತಾನೆ.

ಬೇಸ್‌ಬಾಲ್ ನೋಡಿದ್ದೀಯಾ ಎಂದು ಯಾರಾದರೂ ಕೇಳಿದರೆ ಏನು ಹೇಳಲಿ ಎಂದು ಈಗಲೂ ತಡವರಿಸುತ್ತೇನೆ. ಮಾರುವವನ ಬೆನ್ನು ಯಾವಾಗಲೂ ಆಟದ ಕಡೆಗೆ. ಅವನು ಮೆಟ್ಟಿಲು ಹತ್ತುತ್ತಾ ಜನರ ಮುಖ ನೋಡಬೇಕು, ಯಾರ ಕೈ ಮೇಲೆದ್ದಿದೆ, ಯಾರ ಕಣ್ಣು ಹಸಿದಿದೆ ಎಂದು. ಚೆಂಡು ಎಸೆಯುವ ಹೊತ್ತಿಗೆ ಯಾರಿಗೂ ಅಡ್ಡ ನಿಲ್ಲಬಾರದು. ಮೆಟ್ಟಿಲಿನ ಮೇಲೆ ಕುಕ್ಕರುಗಾಲಿನಲ್ಲಿ ಕೂರಬೇಕು, ಮುಖ ಜನರ ಕಡೆಗೇ. ಆಮೇಲೆ ಬ್ಯಾಟಿನ ಶಬ್ದ ಬರುತ್ತದೆ. ಸಾವಿರಾರು ಮುಖಗಳು ಒಟ್ಟಿಗೆ ಮೇಲಕ್ಕೆ ತಿರುಗುತ್ತವೆ. ಚೆಂಡು ಎಲ್ಲಿ ಹೋಯಿತೆಂದು ಆ ಮುಖಗಳಲ್ಲೇ ಓದಿಕೊಳ್ಳುತ್ತಿದ್ದೆ. ಕಣ್ಣುಗಳು ಎಡಕ್ಕೆ ಸರಿದು ಗಲ್ಲ ಇಳಿದರೆ ಯಾರೋ ಚೆಂಡು ಹಿಡಿದರು ಎಂದರ್ಥ. ಬಾಯಿ ತೆರೆದು ಹಾಗೇ ನಿಂತು, ನಿಂತು, ಆಮೇಲೆ ಕೈಗಳು ಮೇಲೆದ್ದರೆ ಹೋಮ್ ರನ್, ನಮ್ಮ ಸಿಕ್ಸರಿನ ಅಣ್ಣ. ಒಂದಾದರೂ ಹೋಮ್ ರನ್ ಬ್ಯಾಟಿನಿಂದ ಹೊರಟು ಗೋಡೆ ದಾಟುವುದನ್ನು ನಾನು ಪೂರ್ತಿ ನೋಡಿದ್ದು ನೆನಪಿಲ್ಲ.

ಹಾಗಾದರೆ ಆಟ ಕಲಿತದ್ದು ಹೇಗೆ? ಒಬ್ಬ ಕುರುಡನಿಂದ.

ವಾಲ್ಟರ್ ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು, ಓಕ್ಲೆಂಡಿನಲ್ಲೇ ಹುಟ್ಟಿದ ಕರಿಯ ಮನುಷ್ಯ. ಬಸ್ಸು ರಿಪೇರಿ ಮಾಡುತ್ತಿದ್ದವರಿಗೆ ನಲವತ್ತರಲ್ಲಿ ಕಣ್ಣಿನ ಒತ್ತಡದ ಕಾಯಿಲೆ ಬಂದು ದೃಷ್ಟಿ ಪೂರ್ತಿ ಹೋಯಿತು. ನನ್ನ ಮೆಟ್ಟಿಲಿನ ಪಕ್ಕದಲ್ಲೇ, ಸಾಲಿನ ಮೊದಲ ಸೀಟು ಅವರದು. ಒಂದು ಕಿವಿಯಲ್ಲಿ ರೇಡಿಯೋದ ತಂತಿ, ಇನ್ನೊಂದು ಕಿವಿ ಸ್ಟೇಡಿಯಂಗೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಜನ ಹೋ ಎಂದಾಗಲೆಲ್ಲ ನಾನು ಅವರ ಪಕ್ಕ ಬಗ್ಗಿ, ಏನಾಯ್ತು ಸಾರ್ ಎಂದು ಕೇಳುತ್ತಿದ್ದೆ. ಅವರು ಹೇಳುತ್ತಿದ್ದರು. ಎಡಗಡೆ ಗೋಡೆಗೆ ಬಡಿಯಿತು, ಎರಡು ಬೇಸ್ ಓಡಿದ, ಈಗ ಮೂರನೆಯದಕ್ಕೆ ಕಣ್ಣು ಹಾಕಿದ್ದಾನೆ. ಬೇಸ್ ಎಂದರೆ ಒಂದು ರನ್ನಿಗೆ ಓಡಿ ಮುಟ್ಟಬೇಕಾದ ನಾಲ್ಕು ಮೂಲೆಗಳಲ್ಲಿ ಒಂದು. ಎರಡು ವಾರ ಕಳೆದ ಮೇಲೆ ಒಂದು ದಿನ ಅವರ ಸೀಟಿನ ಕೆಳಗೆ ಬಿಳಿ ಕೋಲು ಕಂಡೆ. ನಾಚಿಕೆಯಿಂದ, ಕ್ಷಮಿಸಿ ಸಾರ್ ಎಂದೆ. ಅವರಿಗೆ ನಗು ತಡೆಯಲಾಗಲಿಲ್ಲ. ಇಷ್ಟು ದೊಡ್ಡ ಸ್ಟೇಡಿಯಂನಲ್ಲಿ ಆಟ ಏನಾಯಿತೆಂದು ನನ್ನನ್ನು ಕೇಳಿದವನು ನೀನೊಬ್ಬನೇ, ನಿನ್ನ ಹೆಸರೇನು ಎಂದರು. ಹೇಳಿದೆ. ಬ್ಯಾಡ್ಜು ಓದಲಾಗದ ಆ ಮನುಷ್ಯ ಮಾತ್ರ ಅದನ್ನು ನಾಲಿಗೆಯ ಮೇಲೆ ಹೊರಳಿಸಿ ಹೊರಳಿಸಿ ಕಲಿತರು. ತಿಪ್ಪೇ-ಸ್ವಾಮಿ. ಅವರ ಬಾಯಲ್ಲಿ ಅದು ಯಾವುದೋ ದೊಡ್ಡ ಆಟಗಾರನ ಹೆಸರಿನ ಹಾಗೆ ಕೇಳಿಸುತ್ತಿತ್ತು.

ಅಂದಿನಿಂದ ನಮ್ಮಿಬ್ಬರ ನಡುವೆ ಒಂದು ಕೊಡುಕೊಳ್ಳುವಿಕೆ. ಅವರು ನನಗೆ ಚೆಂಡಿನ ಸುದ್ದಿ ಹೇಳುವುದು, ನಾನು ಅವರಿಗೆ ಮುಖಗಳ ಸುದ್ದಿ. ಮೇಲಿನ ಸಾಲಿನಲ್ಲಿ ಒಬ್ಬ ಮುದುಕ ಟೋಪಿ ಕಚ್ಚಿಕೊಂಡಿದ್ದಾನೆ. ಒಂದು ಜೋಡಿ ಜಗಳವಾಡಿ ಈಗ ಒಂದೇ ಕಪ್ಪಿನಿಂದ ಕುಡಿಯುತ್ತಿದೆ. ಶೇಂಗಾ ಪೊಟ್ಟಣ ಅವರ ಕೈಗೆ ಇಡಲು ಹೋದರೆ ಒಪ್ಪುತ್ತಿರಲಿಲ್ಲ. ಉಳಿದವರಿಗೆ ಎಸೆಯುವ ಹಾಗೆ ನನಗೂ ಎಸೆ ಎನ್ನುತ್ತಿದ್ದರು. ಅಂಗೈ ಮೇಲೆತ್ತಿ ಅಲುಗದೆ ಹಿಡಿಯುತ್ತಿದ್ದರು. ನಾನು ಹತ್ತು ಮೆಟ್ಟಿಲು ಕೆಳಗಿನಿಂದ ಎಸೆದರೂ ಪೊಟ್ಟಣ ಆ ಅಂಗೈಯಲ್ಲೇ ಬೀಳುತ್ತಿತ್ತು. ಹೊಸಬರು ಇದೇನೋ ಕಣ್ಕಟ್ಟು ಎಂದುಕೊಂಡು ಚಪ್ಪಾಳೆ ತಟ್ಟುತ್ತಿದ್ದರು.

ನಾನು ಹೇಳಹೊರಟದ್ದು ಕೊನೆಯ ಸೀಸನ್ನಿನ ಕತೆ. ಆ ವರ್ಷ ಏಪ್ರಿಲಿನಲ್ಲಿ, ಆಟಗಳು ಶುರುವಾಗಿ ಇನ್ನೂ ಚಳಿ ಬಿಟ್ಟಿರಲಿಲ್ಲ, ಸುದ್ದಿ ಖಚಿತವಾಯಿತು. ಈ ಸೀಸನ್ ಮುಗಿದರೆ ತಂಡ ಓಕ್ಲೆಂಡ್ ಬಿಡುತ್ತದೆ. ಮಾರುವವರೆಲ್ಲ ಆಟಕ್ಕೆ ಮುಂಚೆ ಸೇರುವುದು ಸ್ಟೇಡಿಯಂನ ನೆಲಮಾಳಿಗೆಯಲ್ಲಿ. ಅಲ್ಲಿ ಹಳಬರಿಗೆ ಮೊದಲ ಆಯ್ಕೆ. ಯಾರು ಯಾವ ಮಾಲು ಹಿಡಿಯುತ್ತಾರೆ, ಯಾವ ಮೆಟ್ಟಿಲು ಎಂದು ಹಿರಿತನದ ಮೇಲೆ ಕರೆಯುತ್ತಾರೆ. ಹಿರಿಯರೆಲ್ಲ ಬಿಯರು ತೆಗೆದುಕೊಳ್ಳುತ್ತಿದ್ದರು, ಲಾಭ ಅದರಲ್ಲಿ. ನನ್ನ ಹೆಸರು ಎರಡನೆಯದಾಗಿ ಬರುತ್ತಿದ್ದ ಕಾಲಕ್ಕೂ ನಾನು ಶೇಂಗಾವನ್ನೇ ಕೇಳುತ್ತಿದ್ದೆ. ನಮ್ಮಪ್ಪನನ್ನು ಕರೆದುಕೊಂಡು ಹೋದದ್ದು ಕುಡಿತ. ಅದನ್ನು ಇನ್ನೊಬ್ಬರ ಕೈಗೆ ಕೊಡುವುದು ನನ್ನಿಂದಾಗದು. ಬಿಯರಿನ ರಮೋನ್ ನನ್ನನ್ನು ರೇಗಿಸುತ್ತಿದ್ದ, ನೀನು ಸಂತ ಕಣೋ, ನಿನ್ನ ದೇವಸ್ಥಾನ ನಾನೇ ಕಟ್ಟಿಸ್ತೀನಿ, ಹುಂಡಿ ಮಾತ್ರ ನಂದು ಎಂದು. ಸುದ್ದಿ ಬಂದ ದಿನ ಅವನೂ ರೇಗಿಸಲಿಲ್ಲ. ಎಲ್ಲರೂ ತಲೆ ತಗ್ಗಿಸಿಕೊಂಡು ಟ್ರೇ ತುಂಬಿಕೊಂಡರು.

ಆ ಬೇಸಿಗೆ ಸ್ಟೇಡಿಯಂ ಹೇಗಿತ್ತೆಂದರೆ, ದೊಡ್ಡ ಮದುವೆ ಛತ್ರ ಬುಕ್ ಮಾಡಿ ನೆಂಟರು ಮುನಿಸಿಕೊಂಡು ಬಾರದೆ ಉಳಿದ ಹಾಗೆ. ವಾರದ ದಿನಗಳಲ್ಲಿ ಸಾಲಿಗೆ ಸಾಲೇ ಖಾಲಿ. ಬಂದವರು ಮಾತ್ರ ಬಿಡದೆ ಕೂಗುತ್ತಿದ್ದರು. ಬಲಗಡೆಯ ಕೊನೆಯ ಬೆಂಚುಗಳಲ್ಲಿ ಡ್ರಮ್ಮು ಬಾರಿಸುವವರು ಇರುತ್ತಿದ್ದರು. ಆ ಡ್ರಮ್ಮಿಗೆ ತಾಳ ಹಿಡಿದು ಜನ ತಂಡದ ಒಡೆಯರಿಗೆ, ಮಾರಿಬಿಡಿ ಮಾರಿಬಿಡಿ, ತಂಡವನ್ನು ಊರಲ್ಲಿ ಉಳಿಸಿಕೊಳ್ಳುವವರಿಗೆ ಮಾರಿಬಿಡಿ ಎಂದು ಕೂಗುತ್ತಿದ್ದರು. ನಾನು ಟ್ರೇ ಹೊತ್ತು ಹಾದುಹೋದರೆ ನನ್ನನ್ನು ನೋಡಿ, ಇವನು ಮಾರುತ್ತಾನೆ, ಇವನಿಗಾದರೂ ಬುದ್ಧಿಯಿದೆ ಎಂದು ನಗುತ್ತಿದ್ದರು. ಸಂಜೆಯಾದರೆ ಕೊಲ್ಲಿಯ ಕಡೆಯಿಂದ ಗಾಳಿ. ಒಂಬತ್ತು ಇನಿಂಗ್ಸ್‌ಗಳಲ್ಲಿ ಏಳನೆಯದರ ಹೊತ್ತಿಗೆ, ಜನ ಬಿಟ್ಟು ಹೋದ ಚೂರುಪಾರಿಗಾಗಿ ಕಡಲಹಕ್ಕಿಗಳು ಇಳಿಯುತ್ತಿದ್ದವು. ಅವಕ್ಕೆ ಗಡಿಯಾರ ಗೊತ್ತಿತ್ತು.

ಗಡಿಯಾರ ಎಂದಾಗ ನೆನಪಾಯಿತು. ನನಗೆ ಈ ಆಟದ ಬಗ್ಗೆ ಕೆಲವು ಅಭಿಪ್ರಾಯಗಳಿವೆ. ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಪಿಚ್ಚರ್, ಅಂದರೆ ಚೆಂಡು ಎಸೆಯುವವನು, ಇಷ್ಟೇ ಸೆಕೆಂಡಿನಲ್ಲಿ ಎಸೆಯಬೇಕೆಂದು ಈಗ ಗಡಿಯಾರ ಇಟ್ಟಿದ್ದಾರೆ. ತಪ್ಪು. ಗಡಿಯಾರವಿಲ್ಲದ ಆಟ ಜಗತ್ತಿನಲ್ಲಿ ಉಳಿದಿದ್ದೇ ಇದೊಂದು, ಅದಕ್ಕೂ ಕಟ್ಟಿದರು. ಸುಲಿದ ಬೀಜ ತಿನ್ನುವವನಿಗೆ ಬೇಸ್‌ಬಾಲ್ ಎಂದಿಗೂ ಅರ್ಥವಾಗುವುದಿಲ್ಲ. ಸಿಪ್ಪೆ ಒಡೆಯುವಷ್ಟು ಪುರುಸೊತ್ತು ಇದ್ದವನಿಗೇ ಈ ಆಟ. ಕ್ರಿಕೆಟ್ ದೊಡ್ಡದೋ ಇದು ದೊಡ್ಡದೋ ಎಂದು ನಮ್ಮ ಕನ್ನಡದವರು ಸೇರಿದಾಗಲೆಲ್ಲ ಕೇಳುತ್ತಾರೆ. ಅಮ್ಮ ದೊಡ್ಡವಳೋ ಹೆಂಡತಿ ದೊಡ್ಡವಳೋ ಎಂದು ಕೇಳಿದ ಹಾಗೆ, ನಾನು ಎದ್ದು ಕೈ ತೊಳೆಯಲು ಹೋಗುತ್ತೇನೆ. ಇನ್ನು ಕೊಲ್ಲಿಯ ಆಚೆ ಸ್ಯಾನ್ ಫ್ರಾನ್ಸಿಸ್ಕೋದಲ್ಲೂ ಒಂದು ತಂಡವಿದೆ, ಚೆಂದದ ಸ್ಟೇಡಿಯಂ ಇದೆ, ಅಲ್ಲಿಗೆ ಹೋಗಬಹುದಲ್ಲ ಎನ್ನುವವರಿದ್ದಾರೆ. ಅವರ ಜೊತೆ ನಾನು ಮಾತು ಮುಂದುವರಿಸುವುದಿಲ್ಲ.

ಮೇ ತಿಂಗಳ ಒಂದು ಮಧ್ಯಾಹ್ನ ವಾಲ್ಟರ್ ನನ್ನ ಅಂಗಿ ಹಿಡಿದು ನಿಲ್ಲಿಸಿದರು. ಅವರದು ಇಂಗ್ಲಿಷ್ ಮಾತು, ನಾನು ನಮ್ಮ ಭಾಷೆಗೆ ತಂದು ಬರೆಯುತ್ತಿದ್ದೇನೆ.

“ಸೀಸನ್ ಮುಗಿದ ಮೇಲೆ ಮನೆ ಖಾಲಿ ಮಾಡ್ತಿದ್ದೀನಿ. ಜಾರ್ಜಿಯಾದಲ್ಲಿ ತಂಗಿ ಮಗಳ ಮನೆಗೆ. ಕೊನೆಯ ಆಟಕ್ಕೆ ಎರಡು ಟಿಕೆಟ್ ತಗೊಂಡಿದ್ದೀನಿ. ಆ ದಿನ ರೇಡಿಯೋ ತರೋದಿಲ್ಲ. ನೀನು ಪಕ್ಕದಲ್ಲಿ ಕೂತು ಹೇಳಬೇಕು.”

ನನಗೆ ಆಟ ವಿವರಿಸುವಷ್ಟು ಇಂಗ್ಲಿಷ್ ಎಲ್ಲಿದೆ ಎಂದೆ. ಮಾರುವವನ ಇಂಗ್ಲಿಷ್ ನನ್ನದು, ಎಂಟನೇ ಕ್ಲಾಸಿನವನು.

“ರೇಡಿಯೋದವನು ಎಲ್ಲರಿಗೂ ಹೇಳ್ತಾನೆ ತಿಪ್ಪೇಸ್ವಾಮಿ,” ಎಂದರು. “ಆ ಒಂದು ದಿನ ನನಗೊಬ್ಬನಿಗೇ ಹೇಳೋರು ಬೇಕು.”

ನೋಡೋಣ ಎಂದೆ. ಮೇಲಿನ ಸಾಲಿನಲ್ಲಿ ಯಾರೋ ಕೈ ಎತ್ತಿದರು, ಹೋದೆ.

ಮನೆಗೆ ಬಂದು ಟಿವಿಯಲ್ಲಿ ಬೇರೊಂದು ಊರಿನ ಆಟ ಹಾಕಿ ಶಬ್ದ ಬಂದ್ ಮಾಡಿದೆ. ಶಕುಂತಲ ಅಡುಗೆಮನೆಯಲ್ಲಿ ಮರುದಿನದ ಹುಳಿಗೆ ಸೊಪ್ಪು ಬಿಡಿಸುತ್ತಿದ್ದಳು. ಅವಳು ಹಗಲೆಲ್ಲ ಡೇಕೇರಿನಲ್ಲಿ ಮಕ್ಕಳನ್ನು ಆಡಿಸಿ ದಣಿದು ಬರುವವಳು. ಟಿವಿ ನೋಡಬೇಡ, ನಾನು ಹೇಳ್ತೀನಿ ಕೇಳು, ಏನಾಗ್ತಿದೆ ಅಂತ ನಿನಗೆ ಗೊತ್ತಾಗುತ್ತಾ ನೋಡಾನ ಎಂದೆ. ಪಿಚ್ಚರ್ ಎಸೆದ, ಬ್ಯಾಟಿನವನು ಬೀಸಿದ, ಚೆಂಡು ಸಿಗಲಿಲ್ಲ. ಹೀಗೇ ಹತ್ತು ನಿಮಿಷ ಹೇಳಿದೆ. ನಿಮ್ಮ ಮಾತು ಕೇಳಿದ್ರೆ ಪಂಚಾಯ್ತಿ ನೋಟೀಸು ಓದ್ದಂಗೆ ಐತೆ ಎಂದಳು. ಸಿಟ್ಟು ಬಂತು. ಮರುದಿನ ಮತ್ತೆ ಕೂತೆ.

ಆ ಬೇಸಿಗೆ ಪೂರ್ತಿ ನಮ್ಮ ಮನೆಯಲ್ಲಿ ಇದೇ. ಕೆಲಸವಿಲ್ಲದ ಸಂಜೆಗಳಲ್ಲಿ ಶಬ್ದವಿಲ್ಲದ ಟಿವಿ, ಬಾಯಿ ಬಿಡುವ ನಾನು, ಬೆನ್ನು ತಿರುಗಿಸಿ ಕೇಳುವ ಶಕುಂತಲ. ಒಂದು ಶನಿವಾರ ಮೇಘನಾ ಬಂದಿದ್ದಳು. ಅವಳ ಆಫೀಸು ರೆಡ್‌ವುಡ್ ಸಿಟಿಯಲ್ಲಿ, ಲ್ಯಾಪ್‌ಟಾಪು ಮಾತ್ರ ಎಲ್ಲೆಡೆ. ಸೋಫಾದ ಮೇಲೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ಕೇಳಿದಳು.

“ಅಪ್ಪ, ಯು ಆರ್ ಆಲ್ವೇಸ್ ಲೇಟ್,” ಎಂದಳು. “ಡೋಂಟ್ ಮೇಕ್ ಸೆಂಟೆನ್ಸಸ್. ಜಸ್ಟ್ ಸೇ ವಾಟ್ ಯು ಸೀ.”

ಅದು ನಾಟಿತು. ವಾಕ್ಯ ಕಟ್ಟಲು ಹೋಗಿ ನಾನು ಚೆಂಡಿನ ಹಿಂದೆ ಉಳಿಯುತ್ತಿದ್ದೆ. ಕಂಡದ್ದನ್ನು ಕಂಡ ಹಾಗೇ ಬಿಸಾಕಲು ಶುರು ಮಾಡಿದೆ. ಪಿಚ್ಚರ್, ಎಡಗೈ, ಮೂಗು ಒರೆಸಿಕೊಂಡ. ಮೊದಲ ಬೇಸಿನಲ್ಲಿ ಓಡಲು ನಿಂತವನು ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. “ತವರು ಬಿಟ್ಟು ಹೊಂಟ ಹುಡುಗಿ ಹಂಗೆ, ಹಿಂದಕ್ಕೂ ನೋಡ್ತಾನೆ, ಹೋಗ್ಲೂಬೇಕು ಅಂತಾನೆ,” ಎಂದೆ. ಶಕುಂತಲ ಸೊಪ್ಪು ಕೆಳಗಿಟ್ಟು ತಿರುಗಿ ಟಿವಿ ನೋಡಿಯೇಬಿಟ್ಟಳು. ಹೌದು ಕಣ್ರೀ ಎಂದಳು. ಅವತ್ತು ನನಗೆ ಮೊದಲ ಸಲ, ಆದೀತು ಅನಿಸಿತು.

ಆದರೆ ಆಗಸ್ಟಿನಲ್ಲಿ ನೆಲಮಾಳಿಗೆಯಲ್ಲಿ ಬೇರೆ ಮಾತು ಎದ್ದಿತು. ಕೊನೆಯ ದಿನ ಮಾರುವವರೆಲ್ಲ ಒಟ್ಟಿಗೆ ಟ್ರೇ ಹೊತ್ತು, ಆಟ ಶುರುವಾಗುವ ಮುಂಚೆ ಕೆಳಗಿನ ಸಾಲಿನ ಸುತ್ತ ಒಂದು ಸುತ್ತು ಬರಬೇಕು. ಮುಂದೆ ನಡೆಯುವವರು ಇಬ್ಬರು ಹಿರಿಯರು, ಅದರಲ್ಲಿ ಒಬ್ಬ ನಾನು. ಹೆಸರು ಕರೆದಾಗ ನನ್ನ ಎದೆ ಎಷ್ಟು ಉಬ್ಬಿತೆಂದರೆ ಪಟ್ಟಿ ಬಿಗಿಯಾಯಿತು. ಇಷ್ಟು ವರ್ಷ ಒಂದು ಸೀಸನ್ನಿನ ಮೊದಲ ದಿನವನ್ನಾಗಲಿ ಕೊನೆಯ ದಿನವನ್ನಾಗಲಿ ತಪ್ಪಿಸದವನು ನಾನು. ಟ್ರೇ ಹೊತ್ತು ಒಳಗೆ ಬಂದವನು ಟ್ರೇ ಹೊತ್ತೇ ಹೊರಗೆ ಹೋಗಬೇಕು ಎಂದು ಮನಸ್ಸು ಗಟ್ಟಿಯಾಯಿತು. ವಾಲ್ಟರ್‌ಗೆ ಹೇಗಾದರೂ ಹೇಳಬೇಕು, ಮೆಟ್ಟಿಲಿನ ಮೇಲಿಂದಲೇ ನಡುನಡುವೆ ಬಂದು ಹೇಳಿ ಹೋಗುತ್ತೇನೆ, ಎಂದಿನ ಹಾಗೆ ಎಂದುಕೊಂಡೆ.

ರಾತ್ರಿ ಊಟಕ್ಕೆ ಕೂತಾಗ ಶಕುಂತಲಳಿಗೆ ಇದನ್ನೇ ಹೇಳಿದೆ. ನನ್ನ ಕೆಲಸದ ಕೊನೇ ದಿನ ಕಣೆ, ಗಿರಾಕಿ ಹಂಗೆ ಕೂರಲಾ ಎಂದೆ.

ಅವಳು ಅನ್ನ ಕಲಸುವುದನ್ನು ನಿಲ್ಲಿಸಿದಳು. “ಒಂದ್ ಮಾತು ಕೇಳ್ತೀನಿ. ಈ ದೇಶಕ್ಕೆ ಬಂದು ಇಷ್ಟ್ ವರ್ಷ ಆತು. ಬಾ, ನನ್ ಪಕ್ಕ ಕೂತ್ಕೋ ಅಂತ ನಿಮ್ಮನ್ನ ಕರ್ದೋರು ಯಾರಾದ್ರೂ ಅದಾರಾ?”

ಭಾವನ ಸೋಫಾ ನೆನಪಾಯಿತು. ಎದ್ದು ಕೈ ತೊಳೆದೆ.

ಮರುದಿನ ನೆಲಮಾಳಿಗೆಯಲ್ಲಿ ರಮೋನ್‌ಗೆ ಹೇಳಿದೆ, ಕೊನೆಯ ದಿನ ನಾನು ಟ್ರೇ ಹೊರುವುದಿಲ್ಲ ಎಂದು. ಕುರುಡಪ್ಪನ ಪಕ್ಕ ಕೂರ್ತೀಯಾ ಎಂದ. ಹೌದೆಂದೆ. ಅವನು ಗಡ್ಡ ಕೆರೆದುಕೊಂಡ. ಆಮೇಲೆ, ನಿನ್ನ ಮೆಟ್ಟಿಲಿಗೆ ಹೊಸಬರು ಯಾರೋ ಬರೋದು ಬೇಡ, ಆ ದಿನ ನಿನ್ನ ಶೇಂಗಾ ನಾನು ಹೊರುತ್ತೇನೆ ಎಂದ. ಅದು ಸ್ಟೇಡಿಯಂ ತುಂಬಿ ತುಳುಕುವ ದಿನ, ಬಿಯರು ನೀರಿನ ಹಾಗೆ ಹರಿಯುವ ದಿನ. ಅದನ್ನು ಬಿಟ್ಟು ನನ್ನ ಶೇಂಗಾ ಹೊರುತ್ತೇನೆಂದ ಮನುಷ್ಯನ ಟ್ರೇ ಅವತ್ತು ನಾನೇ ತುಂಬಿಕೊಟ್ಟೆ.

ಕೊನೆಯ ಆಟ ಸೆಪ್ಟೆಂಬರಿನ ಒಂದು ಮಧ್ಯಾಹ್ನ. ಆ ದಿನ ಗಾಳಿ ಇರಲಿಲ್ಲ. ಪಾರ್ಕಿಂಗಿನಲ್ಲಿ ಬೆಳಗ್ಗೆಯಿಂದಲೇ ಮಾಂಸ ಸುಡುವ ಹೊಗೆ, ತಂಡದ ಹಸಿರು ಹಳದಿ ಅಂಗಿಗಳು, ಅಪ್ಪಿಕೊಂಡು ಅಳುವ ದಪ್ಪ ದಪ್ಪ ಗಂಡಸರು. ವಾಲ್ಟರ್ ಹಳೆಯ ಹಸಿರು ಟೋಪಿ ಹಾಕಿಕೊಂಡು ಆಗಲೇ ಕೂತಿದ್ದರು. ನಾನು ಪಕ್ಕದಲ್ಲಿ ಕೂತೆ. ಮೊದಲ ಸಲ ಆ ಸೀಟಿನಿಂದ ಮೈದಾನ ನೋಡಿದೆ. ಇಷ್ಟು ಹಸಿರಿತ್ತೇ ಎಂದು ದಂಗಾದೆ. ಬೆನ್ನ ಹಿಂದೆ ಇಷ್ಟು ವರ್ಷ ಇದು ಬಿದ್ದುಕೊಂಡಿತ್ತು. ಕೆಳಗೆ ನಮ್ಮವರು ಟ್ರೇ ಹೊತ್ತು ಸುತ್ತು ಹೊರಟರು, ರಮೋನ್ ನನ್ನ ಟ್ರೇ ಹಾಕಿಕೊಂಡು ಮುಂದೆ ನಡೆಯುತ್ತಿದ್ದ. ಎದ್ದು ಓಡಿ ಸೇರಿಕೊಳ್ಳೋಣವೆಂದು ಸೀಟಿನ ತುದಿಗೆ ಬಂದೆ. ವಾಲ್ಟರ್ ನನ್ನ ಮಂಡಿಯ ಮೇಲೆ ಕೈ ಇಟ್ಟರು.

ಆಟ ಶುರುವಾಯಿತು, ನಾನು ಹಿಂದೆ ಬಿದ್ದೆ. ಟಿವಿಯಲ್ಲಿ ಎಲ್ಲ ಒಂದು ಪೆಟ್ಟಿಗೆಯಲ್ಲಿರುತ್ತದೆ. ಇಲ್ಲಿ ಚೆಂಡು ಎಲ್ಲಿ, ಓಡುವವನೆಲ್ಲಿ, ಎಲ್ಲಿಂದ ನೋಡಲಿ. ಹೊಡೆದ, ಮೇಲಕ್ಕೆ ಹೋಯಿತು, ಹೋಗ್ತಾ ಇದೆ ಎಂದೆ. ಅದನ್ನು ಆಗಲೇ ಹಿಡಿದಾಯ್ತು, ಜನ ಸುಮ್ಮನಾದರಲ್ಲ ಎಂದರು ವಾಲ್ಟರ್. ಎರಡನೇ ಇನಿಂಗ್ಸ್‌ನಲ್ಲಿ, ನೀನು ಶೇಂಗಾ ಮಾರುವಾಗ ಇಷ್ಟು ಮೆತ್ತಗೆ ಮಾತಾಡಿದ್ದರೆ ನಿನ್ನ ಮಕ್ಕಳು ಉಪವಾಸ ಇರ್ತಿದ್ದರು ಎಂದರು. ಮುಂದಿನ ಸಾಲಿನವರು ನಕ್ಕರು. ರಮೋನ್ ಬಂದು ಕೆಳಗಿನಿಂದ ಪೊಟ್ಟಣ ಎಸೆದ. ವಾಲ್ಟರ್ ಅಂಗೈ ಮೇಲೆತ್ತಿ ಹಿಡಿದಿದ್ದರು. ಅದು ನನ್ನ ತಲೆಗೆ ಬಡಿಯಿತು. ಇದು ನಿನ್ನ ಕೈಯಲ್ಲ ಎಂದು ಅವರು ನಗತೊಡಗಿದರು, ನನಗೂ ನಗು ಬಂತು.

ಆಮೇಲೆ ನಾನು ಹೇಳುತ್ತಲೇ ಹೋದೆ. ಪಿಚ್ಚರ್ ಟೋಪಿ ತೆಗೆದು ಆಕಾಶ ನೋಡಿದ. ಹಿಂದೆ ಕೂತು ಚೆಂಡು ಹಿಡಿಯುವವನು ಮಣ್ಣು ಹಿಡಿದು ಬಿಟ್ಟ, ಮತ್ತೆ ಹಿಡಿದ, ಅವನಿಗೂ ಮನಸ್ಸಿಲ್ಲ. ಓಡಲು ನಿಂತವನ ಬಗ್ಗೆ ತವರು ಬಿಟ್ಟು ಹೊರಟ ಹುಡುಗಿಯ ಮಾತನ್ನು ಇಂಗ್ಲಿಷಿಗೆ ಹೇಗೋ ತಿರುಗಿಸಿದೆ. ಅರ್ಧ ಮಾತ್ರ ಬಂತೇನೋ. ವಾಲ್ಟರ್ ಕಣ್ಣು ಮುಚ್ಚಿಕೊಂಡು ತಲೆಯಾಡಿಸಿದರು. ಕಾಣ್ತಿದೆ, ಅವನು ಕಾಣ್ತಿದ್ದಾನೆ ಎಂದರು. ಇನ್ನೂ ಯಾವ ಪರೀಕ್ಷೆಯಲ್ಲಿ ನಾನು ಪಾಸಾಗಬೇಕಿತ್ತು?

ಒಂಬತ್ತನೇ ಇನಿಂಗ್ಸ್. ನಾವು ಒಂದೇ ರನ್ನಿನಿಂದ ಮುಂದಿದ್ದೆವು. ಎದುರಾಳಿಗಳಲ್ಲಿ ಇನ್ನೊಬ್ಬ ಔಟಾದರೆ ಮುಗಿಯಿತು, ಆಟವೂ, ಎಲ್ಲವೂ. ಇಡೀ ಸ್ಟೇಡಿಯಂ ಎದ್ದು ನಿಂತಿತು. ನಾವೂ ನಿಂತೆವು. ವಾಲ್ಟರ್ ನನ್ನ ತೋಳು ಹಿಡಿದುಕೊಂಡಿದ್ದರು. ಪಿಚ್ಚರ್ ಚೆಂಡು ತಿರುಗಿಸ್ತಿದ್ದಾನೆ ಎಂದೆ. ಬ್ಯಾಟಿನವನು ಕಾಲು ಊರಿದ ಎಂದೆ. ಡ್ರಮ್ಮು ಬಡಿಯುತ್ತಿತ್ತು. ಪಿಚ್ಚರ್ ಕೈ ಎತ್ತಿದ.

ಆ ಕ್ಷಣದಲ್ಲಿ ನಾನು ತಿರುಗಿಬಿಟ್ಟೆ.

ಬೇಕೆಂದು ಮಾಡಿದ್ದಲ್ಲ. ಇಪ್ಪತ್ತೇಳು ವರ್ಷ ಚೆಂಡು ಎಸೆಯುವ ಹೊತ್ತಿಗೆ ಈ ದೇಹ ಹೋಗಿದ್ದು ಅದೇ ಕಡೆಗೆ. ನನ್ನ ಮುಂದೆ ಮೇಲಕ್ಕೆ, ಮೇಲಕ್ಕೆ, ಆಕಾಶದವರೆಗೆ ಮುಖಗಳು. ಬ್ಯಾಟಿನ ಶಬ್ದ ಬಂತು, ಮುಖಗಳು ಒಟ್ಟಿಗೆ ಎಡಕ್ಕೆ ಹೊರಳಿದವು, ಬಲಕ್ಕೆ ಹೊರಳಿದವು, ಬಾಯಿಗಳು ತೆರೆದವು. ಕೂಗು ಎದ್ದಿತು. ನನಗೆ ಕೊನೆಯ ಚೆಂಡು ಕಾಣಲಿಲ್ಲ.

“ತಿಪ್ಪೇಸ್ವಾಮಿ. ಹೇಳು.”

ನೋಡಲಿಲ್ಲ ವಾಲ್ಟರ್, ಜನರ ಕಡೆ ತಿರುಗಿಬಿಟ್ಟೆ ಎಂದೆ.

ಅವರು ಹಳೆಯ ಕಾಲದ ಹಾಗೆ ನನ್ನ ಕಿವಿಯ ಹತ್ತಿರ ಬಗ್ಗಿದರು. “ನೆಲಕ್ಕೆ ಹೊಡೆದ. ಮೂರನೇ ಬೇಸಿನವನು ಹಿಡಿದ, ಮೊದಲ ಬೇಸಿಗೆ ಎಸೆದ. ಔಟ್. ಅಷ್ಟು ಜನರ ಕೂಗಿನಲ್ಲೇ ನನಗೆ ಕೇಳಿಸುತ್ತೆ.” ನನ್ನ ತೋಳು ಬಿಗಿಯಾಗಿ ಹಿಡಿದರು. “ಇದನ್ನ ರೇಡಿಯೋದವನೂ ಹೇಳ್ತಿದ್ದ. ಮುಖ ಹೇಳು. ಅದಕ್ಕೇ ನಿನ್ನನ್ನ ಕರೆದಿದ್ದು.”

ಹೇಳಿದೆ. ಮೇಲಿನ ಸಾಲಿನ ಹೆಂಗಸು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಾಳೆ. ಗಡ್ಡದವನೊಬ್ಬ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದಾನೆ, ಅವಳು ಅವನ ಕಣ್ಣೀರನ್ನು ಟೋಪಿಯಿಂದ ಒರೆಸುತ್ತಿದ್ದಾಳೆ. ಒಬ್ಬ ಮುದುಕ ಸೀಟನ್ನು ತಟ್ಟುತ್ತಿದ್ದಾನೆ, ಹಸುವಿನ ಬೆನ್ನು ತಟ್ಟುವ ಹಾಗೆ. ರಮೋನ್ ಮೆಟ್ಟಿಲಿನ ಮೇಲೆ ಕೂತಿದ್ದಾನೆ, ಟ್ರೇ ಮಡಿಲಲ್ಲಿದೆ, ಶೇಂಗಾ ಸುಲಿದು ತಿನ್ನುತ್ತಿದ್ದಾನೆ, ಮಾರುವುದನ್ನು ಬಿಟ್ಟಿದ್ದಾನೆ. ನಾನು ಒಂದೊಂದು ಸಾಲು ಹತ್ತುತ್ತಾ ಹೋದೆ, ಕಣ್ಣಿನಲ್ಲೇ. ಕಾವಲಿನವರು ಬಂದು, ಸಾರ್ ಇನ್ನು ಹೊರಡಿ ಎನ್ನುವವರೆಗೂ ಹೇಳುತ್ತಿದ್ದೆ. ಕೆಳಗೆ ಜನ ಮೈದಾನದ ಮಣ್ಣನ್ನು ಕಪ್ಪಿನಲ್ಲಿ ತುಂಬಿಸಿಕೊಳ್ಳುತ್ತಿದ್ದರು. ವಾಲ್ಟರ್ ನನ್ನ ಪಾದದ ಬಳಿ ಬಗ್ಗಿ, ತಡಕಾಡಿ, ಒಂದು ಹಿಡಿ ಶೇಂಗಾ ಸಿಪ್ಪೆ ಬಾಚಿ ಜೇಬಿಗೆ ಹಾಕಿಕೊಂಡರು.

ಅದಾಗಿ ಅವರು ಜಾರ್ಜಿಯಾಕ್ಕೆ ಹೋದರು. ರಮೋನ್ ಈಗ ಯಾವುದೋ ಗೋದಾಮಿನಲ್ಲಿ ಇದ್ದಾನೆ. ನನ್ನ ಟ್ರೇ ಗ್ಯಾರೇಜಿನಲ್ಲಿದೆ, ಅದರಲ್ಲಿ ಶಕುಂತಲ ಮೆಣಸಿನಕಾಯಿ ಒಣಗಿಸುತ್ತಾಳೆ.

ಕಳೆದ ಭಾನುವಾರವೂ ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತು, ಎಂದಿನಂತೆ ವಾಲ್ಟರ್‌ಗೆ ಫೋನು ಮಾಡಿದೆ. ಅಲ್ಲಿ ಗಡಿಯಾರ ಮೂರು ಗಂಟೆ ಮುಂದೆ, ಅವರಿಗೆ ಮಧ್ಯಾಹ್ನದ ಊಟದ ಹೊತ್ತು.

“ಹೇಳು ತಿಪ್ಪೇಸ್ವಾಮಿ. ಇವತ್ತು ಯಾರು ಬಂದಿದ್ದಾರೆ?”

ಗೇಟಿಗೆ ಬೀಗ ಎಂದೆ. ಬೇಲಿಯ ಆಚೆ ಹುಲ್ಲು ಬೆಳೆದಿದೆ. ಗೋಡೆಯ ಅಂಚಿನಲ್ಲಿ ಸಾಲಾಗಿ ಕಡಲಹಕ್ಕಿಗಳು ಕೂತಿವೆ, ಅವಕ್ಕೆ ಇನ್ನೂ ಯಾರೂ ಹೇಳಿಲ್ಲ. ಅಷ್ಟು ಹೇಳಿ ಬೆಂಚಿನ ಕಡೆ ತಿರುಗಿದೆ.

ಒಬ್ಬಳು ತಾಯಿ, ಒಂದು ಮಗು ಎಂದೆ. ಸಿಪ್ಪೆ ಒಡೀತಿದ್ದಾಳೆ. ಮಗು ಬಾಯಿ ತೆರೆದುಕೊಂಡು ಕಾಯ್ತಿದೆ.

ಆ ಕಡೆ ವಾಲ್ಟರ್ ಊಟದ ಚಮಚ ಕೆಳಗಿಟ್ಟ ಸದ್ದು ಕೇಳಿಸಿತು. ನನ್ನ ಟ್ರೇನು ಬಂತು, ಬಾಗಿಲು ತೆರೆಯಿತು, ಮುಚ್ಚಿತು, ಹೋಯಿತು. ಮುಂದಿನದಕ್ಕೆ ಹೋದರಾಯಿತು ಎಂದುಕೊಂಡು ನಾನು ಅವರಿಗೆ ಹೇಳುತ್ತಲೇ ಇದ್ದೆ.